ನೆತ್ತಿ ತೊಳೆಯಿರಿ, ಎಣ್ಣೆ ಕೂದಲಿಗೆ ಹಚ್ಚಿರಿ

(ಕಲಬುರಗಿಯ ಮಹಿಳಾ ಕಾಲೇಜೊಂದರಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ವಿದ್ಯಾರ್ಥಿನಿಯರ ಜೊತೆ ಅವರ ತಾಯಂದಿರೂ ಬಂದಿದ್ದರು. ಕೊನೆಯ ಪ್ರಶ್ನೋತ್ತರದಲ್ಲಿ ಎಲ್ಲರಿಗೂ ಉಪಯೋಗವಾಗುವ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ವಿಷಯ ‘ಗುಂಗುರು ಕೂದಲಿನ ಆರೈಕೆ’ ಎಂದಿದೆ. ನಾನು ಚರ್ಮದ ಡಾಕ್ಟರು. ಹಾಗಾಗಿ ಕೂದಲನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅದು ಹುಟ್ಟುವ ನೆತ್ತಿಯಿಂದ ಶುರುಮಾಡುತ್ತೇನೆ.

ಗುಂಗುರು ಕೂದಲಿನವರು ನನ್ನೆದುರು ಕೂತು ಹೇಳುವ ದೂರು ಬಹುಮಟ್ಟಿಗೆ ಒಂದೇ ಧಾಟಿಯದು. “ಮೇಡಂ, ತಲಿ ಕಡೀತದ, ಉರೀತದ. ಕೂದ್ಲ ನೋಡಿದ್ರ ಹುಲ್ಲ ಆಗ್ಯಾದ. ಎಣ್ಣಿ ಹಚ್ಚಿದ್ರ ಕಡಿತ ಜಾಸ್ತಿ ಆಗ್ತದ, ಹಚ್ಚಲಿಲ್ಲಂದ್ರ ಹಣಗಿ ಒಳಗ ಹೋಗಂಗಿಲ್ಲ. ಏನ್ ಮಾಡ್ಬೇಕ್ರಿ?” ರೋಗದ ವಿವರ ಪೂರ್ತಿ ಈ ಮಾತಿನಲ್ಲೇ ಇದೆ. ನೆತ್ತಿಗೆ ಬೇಕಾದದ್ದು ಒಂದು, ಕೂದಲಿಗೆ ಬೇಕಾದದ್ದು ಇನ್ನೊಂದು. ನಾವು ಮಾತ್ರ ಎಣ್ಣೆಯನ್ನು ನೆತ್ತಿಗೆ ಒತ್ತಿ ಒತ್ತಿ ಹಚ್ಚುತ್ತೇವೆ, ಸಾಬೂನನ್ನು ಕೂದಲಿನ ತುದಿಯವರೆಗೂ ತಿಕ್ಕುತ್ತೇವೆ. ನಿಮ್ಮದು ಗುಂಗುರು ಕೂದಲು, ನೆತ್ತಿಯೂ ಸೂಕ್ಷ್ಮ ಎನ್ನುವುದಾದರೆ ಇದನ್ನು ಅದಲು ಬದಲು ಮಾಡಿಕೊಳ್ಳಬೇಕು. ನಾನು ಹೇಳಲು ಬಂದದ್ದು ಇಷ್ಟೇ. ಇನ್ನು ಮುಂದಿನದೆಲ್ಲ ಯಾಕೆ, ಹೇಗೆ ಎಂಬುದು.

ನೇರ ಕೂದಲು ಹುಟ್ಟುವ ಗೂಡು ಚರ್ಮದೊಳಗೆ ನೆಟ್ಟಗಿರುತ್ತದೆ. ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ದುಂಡಗೆ ಕಾಣುತ್ತದೆ. ಗುಂಗುರು ಕೂದಲಿನ ಗೂಡೇ ಬಾಗಿರುತ್ತದೆ, ಎಳೆ ಚಪ್ಪಟೆಯಾಗಿ ಮೊಟ್ಟೆಯಾಕಾರದಲ್ಲಿರುತ್ತದೆ. ಗೂಡಿಗೆ ಅಂಟಿಕೊಂಡೇ ಒಂದು ಗ್ರಂಥಿ ಇದೆ. ಅದು ಸೀಬಮ್ ಎಂಬ ಜಿಡ್ಡನ್ನು ಒಸರುತ್ತದೆ. ನೇರ ಕೂದಲಿನಲ್ಲಿ ಈ ಜಿಡ್ಡು ಹಣಿಗೆಯ ಜೊತೆ ಸಲೀಸಾಗಿ ತುದಿಯವರೆಗೂ ಇಳಿಯುತ್ತದೆ. ಗುಂಗುರಿನಲ್ಲಿ ತಿರುವು ತಿರುವಿಗೂ ನಿಂತು, ಬುಡದಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಒಂದೇ ತಲೆಯಲ್ಲಿ ಬುಡ ಜಿಡ್ಡು, ತುದಿ ಒಣ. “ನಿನ್ನ ತಲಿಗಿ ಎಣ್ಣಿ ಸಾಲವಲ್ದು” ಎಂದು ಅಜ್ಜಿ ಹೇಳುವುದು ತುದಿಯನ್ನು ನೋಡಿ. ಎಣ್ಣೆ ಸುರಿಯುವುದು ಮಾತ್ರ ಬುಡಕ್ಕೆ.

ಅಲ್ಲಿ ಏನಾಗುತ್ತದೆ? ನಮ್ಮೆಲ್ಲರ ನೆತ್ತಿಯ ಮೇಲೆ ಮಲಸ್ಸೀಜಿಯಾ ಎಂಬ ಬೂಷ್ಟು ಜಾತಿಯ ಸೂಕ್ಷ್ಮಜೀವಿ ವಾಸವಾಗಿದೆ. ಸ್ವಚ್ಛವಾಗಿದ್ದವರ ತಲೆಯಲ್ಲೂ ಇದೆ, ನನ್ನ ತಲೆಯಲ್ಲೂ ಇದೆ. ಅದಕ್ಕೆ ಬೇಕಾದ ಕೊಬ್ಬಿನಾಮ್ಲಗಳನ್ನು ಅದು ತಾನೇ ತಯಾರಿಸಿಕೊಳ್ಳಲಾರದು, ನಮ್ಮ ಜಿಡ್ಡನ್ನೇ ಒಡೆದು ತಿನ್ನುತ್ತದೆ. ತಿಂದು ಬಿಟ್ಟ ಒಲೇಯಿಕ್ ಆಮ್ಲ ಕೆಲವರ ಚರ್ಮವನ್ನು ಕೆರಳಿಸುತ್ತದೆ. ಚರ್ಮ ಬೇಗ ಬೇಗ ಪದರ ಬಿಡುತ್ತದೆ, ಅದೇ ಹೊಟ್ಟು. ಹೆಚ್ಚಾದರೆ ಕೆಂಪಾಗಿ, ಹಳದಿ ಜಿಡ್ಡು ಹಕ್ಕಳೆಗಟ್ಟಿ, ಹುಬ್ಬಿಗೂ ಮೂಗಿನ ಪಕ್ಕಕ್ಕೂ ಇಳಿಯುತ್ತದೆ. ‘ತಲೆ ಒಣಗಿ ಹೊಟ್ಟಾಗಿದೆ’ ಎಂಬ ನಂಬಿಕೆಯಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಆ ಜೀವಿಗೆ ಹಬ್ಬದೂಟ ಬಡಿಸಿದ ಹಾಗೆ. ಬೆಳಿಗ್ಗೆ ಹೊಟ್ಟು ಎಣ್ಣೆಗೆ ಅಂಟಿಕೊಂಡು ಕಾಣುವುದಿಲ್ಲ, ಆದ್ದರಿಂದ ಗುಣವಾಯಿತು ಅನ್ನಿಸುತ್ತದೆ. ಎರಡು ದಿನಕ್ಕೆ ಮತ್ತೆ ಕೆರೆತ.

ಇಷ್ಟು ಹೇಳಿದ ಮೇಲೆ ಕೊಬ್ಬರಿ ಎಣ್ಣೆಯ ಪರವಾಗಿಯೂ ಮಾತಾಡಬೇಕು. 2003ರಲ್ಲಿ ಪ್ರಕಟವಾದ ಮುಂಬೈನ ಒಂದು ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ತೈಲಗಳನ್ನು ಹೋಲಿಸಿ ನೋಡಿದ್ದರು. ಕೂದಲಿನ ಪ್ರೋಟೀನು ತೊಳೆದುಹೋಗುವುದನ್ನು ಗಮನಾರ್ಹವಾಗಿ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರ ಅಣು ಎಳೆಯ ಒಳಗೆ ಇಳಿಯುತ್ತದೆ, ಬೇರೆಯವು ಮೇಲೆಯೇ ನಿಲ್ಲುತ್ತವೆ. ಅಂದರೆ ನಮ್ಮ ಅಜ್ಜಿಯರ ಎಣ್ಣೆ ಸರಿ, ಹಚ್ಚುವ ಜಾಗ ಬದಲಾಗಬೇಕು. ಕಿವಿಯ ಮಟ್ಟದಿಂದ ಕೆಳಗೆ, ತಲೆ ಎರಕೊಳ್ಳುವುದಕ್ಕೆ ಒಂದೆರಡು ತಾಸು ಮುಂಚೆ, ಅಂಗೈಯಲ್ಲಿ ಪಸರಿಸಿಕೊಂಡು ತುದಿಗೆ ಹಚ್ಚಿ. ನೆತ್ತಿಗೆ ಬೇಡ. ಔಡಲೆಣ್ಣೆ ದಪ್ಪ, ಅಂಟು ಜಾಸ್ತಿ. ಗುಂಗುರು ಕೂದಲು ಅದರಿಂದ ಗಂಟುಗಟ್ಟುವ ಸಂಭವ ಇರುವುದರಿಂದ ನಾನು ಹಚ್ಚಲು ಹೇಳುವುದಿಲ್ಲ.

ಈಗ ನೀರಿನ ವಿಷಯ. ಇದನ್ನು ಬಿಟ್ಟು ಕಲಬುರಗಿಯಲ್ಲಿ ಕೂದಲಿನ ಬಗ್ಗೆ ಮಾತಾಡುವುದೇ ವ್ಯರ್ಥ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲದಡಿ ಇರುವುದು ಸುಣ್ಣದಕಲ್ಲು. ನಮ್ಮ ಮನೆಗಳ ಹಾಸುಗಲ್ಲು ಅದೇ, ಸಿಮೆಂಟ್ ಕಾರ್ಖಾನೆಗಳು ಬಂದು ಕೂತದ್ದೂ ಅದಕ್ಕಾಗಿಯೇ. ನಗರಕ್ಕೆ ಭೀಮಾ ಮತ್ತು ಬೆಣ್ಣೆತೊರೆಯ ನೀರು ಬರುತ್ತದೆ. ನಳ ಬರದ ದಿನ ಬೋರಿನ ನೀರೋ ಟ್ಯಾಂಕರೋ ಗತಿ. ನಿಮ್ಮ ಮನೆಯ ನೀರು ಎಷ್ಟು ಗಡಸು ಅಂತ ತಿಳಿಯಲು ಲ್ಯಾಬಿಗೆ ಹೋಗಬೇಕಿಲ್ಲ. ನೀರು ಕಾಯಿಸುವ ಹಂಡೆಯ ತಳ ನೋಡಿ, ಗೀಝರಿನ ಕಾಯಿಲ್ ನೋಡಿ, ನಳದ ಮೂತಿ ನೋಡಿ. ಬಿಳಿಯ ಪದರ ಕಟ್ಟಿದ್ದರೆ ಅದೇ ಕ್ಯಾಲ್ಸಿಯಂ, ನಿಮ್ಮ ಕೂದಲಿನ ಮೇಲೂ ಕೂರುತ್ತಿದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪಬಹುದಾದದ್ದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಅದು ಹೊಟ್ಟೆಗೆ ಹಾಕಿದ ಮಿತಿ, ತಲೆಗಲ್ಲ.

ಗಡಸು ನೀರಿಗೆ ಸಾಬೂನು ಬಿದ್ದರೆ ನೊರೆ ಬರುವ ಮೊದಲು ಒಂದು ಅಂಟು ಕೆಸರಾಗುತ್ತದೆ. ಬಕೆಟ್ಟಿನ ಅಂಚಿಗೆ ಬೂದು ಗೆರೆ ಬೀಳುತ್ತದಲ್ಲ, ಅದು. ನೇರ ಕೂದಲಿನಿಂದ ಹೇಗೋ ಹರಿದುಹೋಗುತ್ತದೆ, ಗುಂಗುರಿನ ಸುರುಳಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಸಾಬೂನಿನ ಪಿಎಚ್, ಅಂದರೆ ಆಮ್ಲ–ಕ್ಷಾರದ ಅಳತೆ, 9ರಿಂದ 10, ನೆತ್ತಿಯದು ಸುಮಾರು 5.5. ಸೂಕ್ಷ್ಮ ನೆತ್ತಿ ಉರಿಯುವುದಕ್ಕೆ ಇಷ್ಟೇ ಸಾಕು. ಮೈಸಾಬೂನನ್ನಾಗಲಿ ಬಟ್ಟೆ ಸಾಬೂನನ್ನಾಗಲಿ ತಲೆಗೆ ಮುಟ್ಟಿಸಬೇಡಿ. ಹೊದಿಕೆಯ ಮೇಲೆ ಸೀಗೆಕಾಯಿಯ ಚಿತ್ರ ಇರುವ ಸಾಬೂನೂ ಸಾಬೂನೇ. ನಿಜವಾದ ಸೀಗೆಕಾಯಿ, ಅಂಟುವಾಳ ಇಷ್ಟವಾದರೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿನೀರು ಮಾತ್ರ ಬಳಸಿ. ಪುಡಿ ತಿಕ್ಕಿದರೆ ನೆತ್ತಿ ತರಚುತ್ತದೆ, ಮೂರು ದಿನ ಆದರೂ ಕೂದಲಿಂದ ಉದುರುತ್ತಿರುತ್ತದೆ.

ನೀರನ್ನು ಮೆದು ಮಾಡಲು ಸುಲಭದ ದಾರಿ ಕುದಿಸುವುದು. ಗಡಸುತನದಲ್ಲಿ ಬೈಕಾರ್ಬನೇಟ್ ಭಾಗ ಕುದಿಸಿದಾಗ ತಳಕ್ಕೆ ಕೂರುತ್ತದೆ. ರಾತ್ರಿ ಕುದಿಸಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಬಗ್ಗಿಸಿಕೊಂಡರೆ ಕೊನೆಯ ಎರಡು ತಂಬಿಗೆ ಅದರಿಂದ ಹಾಕಿಕೊಳ್ಳಬಹುದು. ಇಡೀ ಸ್ನಾನಕ್ಕೆ ಬೇಕಿಲ್ಲ, ಕೊನೆಯ ನೀರು ಮೆದುವಿದ್ದರೆ ಸಾಕು. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಳಕ್ಕೆ ಸಿಕ್ಕಿಸುವ ಇದ್ದಿಲಿನ ಫಿಲ್ಟರ್ ಕ್ಲೋರಿನ್ ತೆಗೆಯಬಹುದು, ಗಡಸುತನ ತೆಗೆಯುವುದಿಲ್ಲ. ಇನ್ನೊಂದು ಮಾತು, ಇದನ್ನು ಬಹಳ ಜನ ಒಳ್ಳೆಯ ಉದ್ದೇಶದಿಂದಲೇ ಮಾಡುತ್ತಿದ್ದಾರೆ: ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಹಿಡಿದು ತಲೆ ಎರಕೊಳ್ಳುತ್ತಾರೆ. ಯಂತ್ರ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ಪೈಪಿನಲ್ಲೇ ಬರುತ್ತಿದೆ. ಅದು ನೆಲ ಒರೆಸಲಿಕ್ಕಿರಲಿ.

ತೊಳೆಯುವ ಬಗೆ ಹೇಳುತ್ತೇನೆ, ಸ್ವಲ್ಪ ಗಮನ ಕೊಡಿ. ಕೂದಲು ಒಣಗಿರುವಾಗಲೇ ನಾಲ್ಕು ಭಾಗ ಮಾಡಿ ಸಡಿಲ ಗಂಟು ಹಾಕಿಕೊಳ್ಳಿ. ಉಗುರುಬೆಚ್ಚಗಿನ ನೀರು ಸಾಕು. ನಮ್ಮಲ್ಲಿ ಚಳಿಗಾಲಕ್ಕೆ ಹೊಗೆಯಾಡುವ ನೀರು ಸುರಿದುಕೊಳ್ಳುವ ಅಭ್ಯಾಸ ಇದೆ, ಉರಿಯುವ ನೆತ್ತಿಗೆ ಅದೇ ಮೊದಲ ಶತ್ರು. ಶಾಂಪೂವನ್ನು ತಂಬಿಗೆಯಲ್ಲಿ ನೀರಿಗೆ ಕಲಸಿ, ಒಂದೊಂದು ಭಾಗದ ಗಂಟು ಬಿಚ್ಚಿ, ಬೈತಲೆ ತೆಗೆದ ಹಾಗೆ ಸೀಳು ಮಾಡಿ ನೆತ್ತಿಗೇ ಹಾಕಿ. ಬೆರಳಿನ ಮೆತ್ತನೆ ಭಾಗದಿಂದ ಉಜ್ಜಿ, ಉಗುರು ಬೇಡ. ಉದ್ದನೆಯ ಕೂದಲನ್ನು ಬೇರೆ ತಿಕ್ಕಲೇಬೇಡಿ. ಮೇಲಿಂದ ಇಳಿಯುವ ನೊರೆ ಅದಕ್ಕೆ ಸಾಕು. ಆಮೇಲೆ ಕಂಡಿಷನರ್ ಕಿವಿಯಿಂದ ಕೆಳಕ್ಕೆ. ಅದು ಕೂದಲಲ್ಲಿ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ, ಹೀಗೆ ಸಿಕ್ಕು ಬಿಡಿಸಿ. ಒಣಗಿದ ಮೇಲೆ ಹಣಿಗೆ ಮುಟ್ಟಬೇಡಿ. ಒರಟು ಟವೆಲ್ಲಿನಲ್ಲಿ ಜಾಡಿಸಿ ಒರೆಸುವುದಕ್ಕಿಂತ ಹಳೆಯ ಧೋತರದ ತುಂಡಿನಲ್ಲಿ ಹಿಂಡಿ ಬಿಡಿ.

ಶಾಂಪೂ ಯಾವುದು ಅಂತ ಕೇಳುತ್ತೀರಿ. ಹೆಸರು ಹೇಳುವುದಿಲ್ಲ, ಹಿಂಬದಿ ಓದಲು ಹೇಳುತ್ತೇನೆ. ಸೋಡಿಯಂ ಲಾರಿಲ್ ಸಲ್ಫೇಟ್ ಮೊದಲ ಸಾಲಿನಲ್ಲೇ ಇದ್ದರೆ ಸೂಕ್ಷ್ಮ ನೆತ್ತಿಗೆ ಬೇಡ. ಚರ್ಮವನ್ನು ಬೇಕೆಂದೇ ಕೆರಳಿಸಿ ಪರೀಕ್ಷೆ ಮಾಡುವಾಗ ನಾವು ಬಳಸುವ ವಸ್ತುವೇ ಅದು. ಲಾರೆತ್ ಸಲ್ಫೇಟ್ ಸ್ವಲ್ಪ ಮೃದು. ಸುವಾಸನೆ ಕಡಿಮೆ ಇದ್ದಷ್ಟೂ ಒಳ್ಳೆಯದು. ‘ನೈಸರ್ಗಿಕ’ ಎಂಬ ಮಾತಿಗೆ ಮರುಳಾಗಬೇಡಿ, ಟೀ ಟ್ರೀ ಎಣ್ಣೆಯಿಂದಲೂ ಅಲರ್ಜಿ ಆಗುತ್ತದೆ. ಹೊಟ್ಟು ಇದ್ದವರು 2 ಪ್ರತಿಶತದ ಕೀಟೋಕೋನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬಳಸಬಹುದು. ಆದರೆ ಹಚ್ಚಿದ ತಕ್ಷಣ ನೀರು ಸುರಿದರೆ ದುಡ್ಡು ಮೋರಿಗೆ ಹೋದಂತೆ. ಮೂರರಿಂದ ಐದು ನಿಮಿಷ ನೆತ್ತಿಯ ಮೇಲೆ ಇರಲಿ. ಅದೂ ನೆತ್ತಿಗೆ ಮಾತ್ರ, ಉದ್ದಕ್ಕೆ ಹಚ್ಚಿದರೆ ಕೂದಲು ಒರಟಾಗುತ್ತದೆ.

ಮೊಬೈಲ್ ನೋಡಿ ಶಾಂಪೂವನ್ನೇ ಬಿಟ್ಟು ಬರೀ ಕಂಡಿಷನರಿನಲ್ಲಿ ತಲೆ ತೊಳೆಯುವ ಹುಡುಗಿಯರು ಈಗ ಜಾಸ್ತಿ. ಕೋ-ವಾಶ್ ಅಂತ ಅದರ ಹೆಸರು. ಕೂದಲು ಚೆನ್ನಾಗಿ ಸುರುಳಿಯಾಗುತ್ತದೆ, ನಿಜ. ಆದರೆ ಹೊಟ್ಟು ಇರುವ, ಬೆವರುವ ನೆತ್ತಿಗೆ, ಮೇ ತಿಂಗಳ 42 ಡಿಗ್ರಿಯ ಊರಿಗೆ ಆ ಪದ್ಧತಿ ಹೊಂದುವುದಿಲ್ಲ. ಬುರ್ಖಾ ಅಥವಾ ಸ್ಕಾರ್ಫ್ ಹಾಕುವವರು, ಹೆಲ್ಮೆಟ್ ಹಾಕುವವರು ಕೂದಲು ಪೂರ್ತಿ ಆರಿದ ಮೇಲೆಯೇ ಮುಚ್ಚಿಕೊಳ್ಳಿ. ಒಳಗೆ ತೆಳು ಹತ್ತಿಯ ಟೋಪಿ ಇರಲಿ, ಅದನ್ನು ದಿನಾ ಒಗೆಯಿರಿ.

ಮನೆಮದ್ದುಗಳನ್ನು ಬೇಗ ಮುಗಿಸುತ್ತೇನೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ರಸ ಸೂಕ್ಷ್ಮ ನೆತ್ತಿಯನ್ನು ಸುಡುತ್ತವೆ. ಅಡಿಗೆ ಸೋಡಾ ಬೇಡ. ಹೇನಿಗೆ ಸೀಮೆಎಣ್ಣೆ ಹಾಕುವುದನ್ನು ಇವತ್ತಿಗೂ ನೋಡುತ್ತೇನೆ. ಮಗು ಒಲೆಯ ಹತ್ತಿರ ಹೋದರೆ ಏನು ಗತಿ ಅಂತ ಯೋಚಿಸಿ. ಪರ್ಮೆಥ್ರಿನ್ 1 ಪ್ರತಿಶತದ ಲೋಷನ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದು, ವಾರ–ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಚ್ಚಿದರೆ ಕೆಲಸ ಮುಗಿಯಿತು.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಮಾತಾಡುತ್ತೇನೆ. ಅಪ್ಪಟ ಮೆಹಂದಿ ಕೆಂಪು–ಕಿತ್ತಳೆ ಬಣ್ಣ ಕೊಡುತ್ತದೆ, ಅದೂ ತಾಸುಗಟ್ಟಲೆ ಇಟ್ಟ ಮೇಲೆ. ಹತ್ತು ನಿಮಿಷಕ್ಕೆ ಕಪ್ಪಾಗುವ ‘ಕಾಲಿ ಮೆಹಂದಿ’ ಪಾಕೀಟಿನಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದಕ್ಕೆ ಅಲರ್ಜಿಯಾದವರ ನೆತ್ತಿ ಒಸರುತ್ತದೆ, ಹಣೆ ಊದಿ ಕಣ್ಣು ಮುಚ್ಚಿಹೋಗುತ್ತದೆ. ಮದುವೆಯ ಸೀಸನ್ನಿನಲ್ಲಿ, ರಂಜಾನ್ ಹಬ್ಬದ ಹಿಂದೆ ಮುಂದೆ ಇಂಥವರು ಬರುವುದು ನಮಗೆ ಮಾಮೂಲು. ಹತ್ತು ವರ್ಷದಿಂದ ಅದೇ ಪಾಕೀಟು ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ ಎನ್ನುವ ವಾದ ನಿಲ್ಲುವುದಿಲ್ಲ. ಅಲರ್ಜಿ ಹನ್ನೊಂದನೆಯ ವರ್ಷವೂ ಶುರುವಾಗಬಹುದು, ಶುರುವಾದ ಮೇಲೆ ಜೀವನಪೂರ್ತಿ ಇರುತ್ತದೆ. ಪ್ರತಿ ಸಲವೂ ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ 48 ತಾಸು ಕಾಯಿರಿ. ಕೂದಲು ನೇರ ಮಾಡಿಸಿಕೊಳ್ಳುವವರಿಗೂ ಒಂದು ಮಾತು. ಕೆರಾಟಿನ್ ಅಂತ ಹೇಳಿ ಪಾರ್ಲರಿನಲ್ಲಿ ಹಚ್ಚುವ ಎಷ್ಟೋ ದ್ರಾವಣಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಕಣ್ಣು ಉರಿಯುವುದು ಅದರಿಂದಲೇ. ಗ್ಲೈಆಕ್ಸಿಲಿಕ್ ಆಮ್ಲ ಇರುವ ದ್ರಾವಣದಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ನೆತ್ತಿಯ ಮೇಲೆ ಗಾಯ, ಉರಿ ಇರುವಾಗಂತೂ ಆ ಕುರ್ಚಿಯಲ್ಲಿ ಕೂರಲೇಬೇಡಿ.

ಗುಂಗುರು ಕೂದಲೆಂದರೆ ಸರಿಪಡಿಸಬೇಕಾದ ಊನ ಎಂಬ ಭಾವನೆ ಎಲ್ಲಿಂದ ಬಂತೋ. ಈ ಸೀಮೆಗೆ ಗುಂಗುರು ಕೂದಲೇನೂ ಹೊಸದಲ್ಲ. ಬಹಮನಿ ಕಾಲದಲ್ಲೇ ಆಫ್ರಿಕಾ ಮೂಲದ ಹಬ್ಶಿಗಳು ಇಲ್ಲಿ ಸೈನಿಕರಾಗಿ, ಸರದಾರರಾಗಿ ಬಾಳಿದ್ದಾರೆ. ಬೀದರಿನ ಪಕ್ಕದ ಗುಡ್ಡಕ್ಕೆ ಇಂದಿಗೂ ಹಬ್ಶಿ ಕೋಟ್ ಅಂತಲೇ ಹೆಸರು, ಅವರ ಗೋರಿಗಳು ಅಲ್ಲಿವೆ. ಆಫ್ರಿಕಾ ಮೂಲದವರೇ ಆದ ಯಲ್ಲಾಪುರ, ಹಳಿಯಾಳದ ಸಿದ್ದಿಗಳೂ ಕನ್ನಡ ನಾಡಿನವರೇ.

ಕೊನೆಯದಾಗಿ ಜಟೆ. ಈ ವಿಷಯ ಎತ್ತಬೇಡಿ ಅಂತ ಒಬ್ಬರು ಮೊದಲೇ ಹೇಳಿದ್ದರು, ಆದರೂ ಎತ್ತುತ್ತೇನೆ.

ಕುರುಬರ ಕಂಬಳಿ ನೋಡಿದ್ದೀರಿ. ಕುರಿಯ ಉಣ್ಣೆಯೂ ನಮ್ಮ ಕೂದಲೂ ಒಂದೇ ವಸ್ತು, ಕೆರಾಟಿನ್. ಉಣ್ಣೆಗೆ ಬಿಸಿನೀರು, ಸಾಬೂನು ಹಾಕಿ ಉಜ್ಜಿದರೆ ಎಳೆಗಳ ಹೊರಮೈಯ ಚಕ್ಕೆಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ಹೊದಿಕೆಯಾಗುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ. ತಲೆಯಲ್ಲೂ ಹಾಗೆಯೇ. ಒಬ್ಬ ಹುಡುಗಿಗೆ ಗುಂಗುರು ಕೂದಲು. ಹೇನೋ ಹೊಟ್ಟೋ ಹುಣ್ಣೋ ಆಗಿ ನೆತ್ತಿ ನೋಯುತ್ತದೆ. ನೋಯುವುದರಿಂದ ಹಣಿಗೆ ಮುಟ್ಟಿಸಗೊಡುವುದಿಲ್ಲ. ಗಡಸು ನೀರು, ಸಾಬೂನಿನ ಅಂಟು, ಎಣ್ಣೆ, ಧೂಳು. ಕೆಲವು ವಾರಕ್ಕೆ ಹಿಂದಲೆಯಲ್ಲಿ ಒಂದು ಗಂಟು, ಆಮೇಲೆ ಹಗ್ಗದಂಥ ಜಟೆ. ಆಗ ಮನೆಯ ಹಿರಿಯರು, “ಯಲ್ಲವ್ವ ಬಂದಾಳ, ಕತ್ತರಿ ಮುಟ್ಟಿಸಬ್ಯಾಡ್ರಿ” ಎನ್ನುತ್ತಾರೆ. ಜಟೆ ಬಂತೆಂಬ ಒಂದೇ ಕಾರಣಕ್ಕೆ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಟ್ಟ ಊರುಗಳು ಈ ಭಾಗದಲ್ಲಿದ್ದವು. ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದ ಕಾಯ್ದೆ 1982ರದು. ಪಕ್ಕದ ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಮನೆಯವರ ಜೊತೆ ಕೂತು ಮಾತಾಡಿ, ಒಪ್ಪಿಸಿ, ಜಟೆ ಕತ್ತರಿಸುವ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ.

ಜಟೆ ಹೊತ್ತವರ ಕತ್ತು ನೋಯುತ್ತದೆ, ಅಡಿಯಲ್ಲಿ ಕೀವು, ಹುಳ, ದುರ್ವಾಸನೆ. ನನ್ನ ಹತ್ತಿರ ಬಂದ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ಒಂದೇ ಮಗ್ಗುಲಿಗೆ ಮಲಗುತ್ತಿದ್ದಳು. ಅತ್ತೆಯ ಎದುರು ಕತ್ತರಿ ಹಿಡಿಯಲು ಆಕೆಗೆ ಧೈರ್ಯವಿರಲಿಲ್ಲ. ನಾವು ಅತ್ತೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಜಟೆಯ ಬುಡವನ್ನು ಟಾರ್ಚಿನ ಬೆಳಕಿನಲ್ಲಿ ತೋರಿಸಿದೆವು. ಹೇನಿನ ಸೀರು, ಒಣಗಿದ ಕೀವು ಕಂಡ ಮೇಲೆ ಆ ಮುದುಕಿಯೇ, “ದೇವಿ ಇಂಥಾ ಹೊಲಸಿನಾಗ ಯಾಕ ಇರ್ತಾಳ್ರಿ” ಎಂದು ಒಪ್ಪಿದಳು. ಗಂಟು ಚಿಕ್ಕದಿರುವಾಗಲೇ ಬಂದರೆ ಕತ್ತರಿಯೂ ಬೇಕಿಲ್ಲ, ಕಂಡಿಷನರ್ ತುಂಬಿ, ತಾಳ್ಮೆಯಿಂದ ಹೆಣಿಗೆಯ ಕಡ್ಡಿಯಲ್ಲಿ ಎಳೆ ಎಳೆಯಾಗಿ ಬಿಡಿಸಬಹುದು.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ: “ಮೇಡಂ, ವಾರಕ್ಕೊಮ್ಮೆ ತಲಿ ಎರಕೊಂಡಾಗ ಮುಷ್ಟಿ ತುಂಬ ಕೂದ್ಲ ಬರ್ತಾವ. ಬೋಳಾಗ್ತೀನೇನ್ರಿ?” ಇಲ್ಲಮ್ಮ. ದಿನಕ್ಕೆ ಐವತ್ತರಿಂದ ನೂರು ಎಳೆ ಎಲ್ಲರಿಗೂ ಉದುರುತ್ತದೆ. ನೇರ ಕೂದಲಿನವರದು ದಿನಾ ನೆಲಕ್ಕೆ ಬೀಳುತ್ತದೆ, ನಿಮ್ಮದು ಸುರುಳಿಯಲ್ಲಿ ಸಿಕ್ಕಿಕೊಂಡು ಎರಕೊಳ್ಳುವ ದಿನ ಒಟ್ಟಿಗೆ ಬರುತ್ತದೆ. ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ಕೂದಲು ತೆಳುವಾಗುತ್ತಿದ್ದರೆ ಮಾತ್ರ ಜಡೆಯನ್ನು ಸಡಿಲ ಮಾಡಿ. ಶಾಲೆಯಲ್ಲಿ ರಿಬ್ಬನ್ ಕಟ್ಟಿ ಬಿಗಿದ ಎರಡು ಜಡೆಗಳು ಆ ಅಂಚನ್ನು ವರ್ಷಗಟ್ಟಲೆ ಎಳೆದಿರುತ್ತವೆ.

ಒಬ್ಬ ತಾಯಿ ತಮ್ಮ ಮಗನ ಬಗ್ಗೆ ಕೇಳಿದರು: ಕಟಿಂಗ್ ಮಾಡಿಸಿದಾಗೆಲ್ಲ ಹಿಂಗತ್ತಿನ ಮೇಲೆ ಗುಳ್ಳೆ. ಗುಂಗುರು ಕೂದಲನ್ನು ಬುಡಕ್ಕೆ ಸವರಿದರೆ ಚೂಪಾದ ತುದಿ ಬಾಗಿ ಮತ್ತೆ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಬ್ಲೇಡು, ಜೀರೋ ಮಷಿನ್ ಬೇಡ ಅಂತ ಕಟಿಂಗ್ ಅಂಗಡಿಯಲ್ಲಿ ಹೇಳಲಿ. ಗುಳ್ಳೆ ಗಟ್ಟಿಯಾಗುತ್ತಾ ಬಂದರೆ ತಡ ಮಾಡದೆ ತೋರಿಸಿ.

ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಕಡಿತ ಪಟ್ಟನೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ ಎಂದರು ಇನ್ನೊಬ್ಬರು. ಅದರಲ್ಲಿ ಸ್ಟೀರಾಯ್ಡ್ ಇದೆ. ಚೀಟಿ ಇಲ್ಲದೆ ಅದನ್ನು ಕೊಳ್ಳಬೇಡಿ.

ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ನಿಂತರು. “ಯವ್ವಾ, ನನ್ನ ಮೊಮ್ಮಗನ ತಲ್ಯಾಗ ರೂಪಾಯಿ ಅಗಲ ಕೂದ್ಲ ಹೋಗ್ಯಾದ, ಮ್ಯಾಲ ಬೂದಿ ಹಂಗ ಹೊಟ್ಟು. ಬೇವಿನ ಎಣ್ಣಿ ಹಚ್ಚಲಿಕ್ಹತ್ತೀನಿ.” ಅಜ್ಜಿ, ಅದು ಬಹುತೇಕ ಹುಳಕಡ್ಡಿ. ಮಕ್ಕಳ ನೆತ್ತಿಗೆ ಬಂದರೆ ಮುಲಾಮು, ಎಣ್ಣೆ ಯಾವುದೂ ಬುಡದವರೆಗೆ ಇಳಿಯುವುದಿಲ್ಲ, ಕೆಲವು ವಾರ ಗುಳಿಗೆ ಕೊಡಬೇಕಾಗುತ್ತದೆ. ಅವನ ಹಣಿಗೆ, ಟೋಪಿ, ದಿಂಬಿನ ಹೊದಿಕೆ ಬೇರೆ ಇಡಿ, ಮನೆಯ ಉಳಿದ ಮಕ್ಕಳ ತಲೆಯನ್ನೂ ನೋಡಿ. ಎರಡು ದಿನ ಎಣ್ಣೆ ನಿಲ್ಲಿಸಿ, ತಲೆ ತೊಳೆದು ಕರೆದುಕೊಂಡು ಬನ್ನಿ. ಹೊಟ್ಟನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಎಣ್ಣೆ ಇದ್ದರೆ ಏನೂ ಕಾಣುವುದಿಲ್ಲ.